ಅಪ್ಪನ ಕೆಲಸವನ್ನು ದೇವರು ಕಿತ್ತುಕೊಂಡನೇ?

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಅಮೆರಿಕದಲ್ಲಿರುವ ನಮ್ಮ ಈ ಗುಂಪಿನ ಸೋದರಿಯೊಬ್ಬರು ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಅವರ ಯಜಮಾನರ ಕೆಲಸ ಹೋಗಿದೆ, ವೀಸಾದ ಗಡುವು ಎದುರಿಗಿದೆ, ಊರಿನಲ್ಲಿ ಅತ್ತೆಯವರು ಕುಲದೇವರಿಗೆ ಮುಡಿಪು ಕಟ್ಟಿಟ್ಟಿದ್ದಾರೆ. ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡ ನಾಲ್ಕನೆಯ ತರಗತಿಯ ಮಗಳು, ‘ಅಪ್ಪನ ಕೆಲಸವನ್ನು ದೇವರೇ ಕಿತ್ತುಕೊಂಡನಾ? ನಾನು ಸಂಜೆ ಶ್ಲೋಕ ಹೇಳುವುದನ್ನು ಬಿಟ್ಟಿದ್ದಕ್ಕಾ?’ ಎಂದು ಕೇಳಿದ್ದಾಳೆ. ಉತ್ತರಿಸಿದ ಕೆಲವರು ‘ಇದು ದೇವರ ಪರೀಕ್ಷೆ ಎಂದು ತಿಳಿಹೇಳಿ’ ಎಂದಿದ್ದಾರೆ. ಇನ್ನು ಕೆಲವರು ದೇವರೆಂಬುದೇ ಇಲ್ಲವೆಂದು ಈಗಲೇ ಹೇಳಿಬಿಡುವುದು ಮೇಲು ಎಂದಿದ್ದಾರೆ. ಆ ಮಗುವಿನ ಎರಡನೆಯ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಂತೆ ಕಾಣಲಿಲ್ಲ. ಮನೆಗೆ ಬಂದ ಕಷ್ಟಕ್ಕೆ ತಾನೇ ಕಾರಣವಿರಬಹುದೆಂದು ಆ ಮಗು ಹೆದರಿದೆ. ನಾವು ಮೊದಲು ನೋಡಬೇಕಾದದ್ದು ಆ ಹೆದರಿಕೆಯನ್ನು.

ನಾನು ದೇವರನ್ನು ನಂಬುವವನು. ನಮ್ಮ ಮನೆಯಲ್ಲಿ ದಿನವೂ ದೀಪ ಹಚ್ಚುತ್ತೇವೆ. ಆದರೂ ಆ ಮಗುವಿಗೆ ‘ಇಲ್ಲ, ದೇವರು ಕಿತ್ತುಕೊಳ್ಳಲಿಲ್ಲ, ನಿನ್ನಿಂದಲೂ ಆಗಲಿಲ್ಲ’ ಎಂದು ಸ್ಪಷ್ಟವಾಗಿ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹೀಗೆ ಹೇಳಲು ನಂಬಿಕೆಯನ್ನು ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಬೇರೊಂದಿದೆ, ಅದು ನಮ್ಮ ಒಳ್ಳೆಯ ದಿನಗಳಲ್ಲಿ ನಾವು ಆಡುವ ಮಾತಿನಲ್ಲಿದೆ.

ನಮ್ಮಲ್ಲಿ ಹೆಚ್ಚಿನವರು ಈ ದೇಶಕ್ಕೆ ಬಂದ ಬಗೆಯನ್ನು ನೆನಪಿಸಿಕೊಳ್ಳಿ. ಇಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 65,000 ಸ್ಥಾನಗಳು, ಇಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿಗಳು ಅದಕ್ಕಿಂತ ಎಷ್ಟೋ ಹೆಚ್ಚಾಗಿದ್ದ ವರ್ಷಗಳಲ್ಲಿ ಗಣಕಯಂತ್ರವು ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸಿತು. ಹೆಸರು ಬಂದಾಗ ನಾವು ‘ತಿಮ್ಮಪ್ಪ ಕೈಹಿಡಿದ’ ಎಂದೆವು, ಹರಕೆ ತೀರಿಸಿದೆವು, ಆ ಕಥೆಯನ್ನು ಮಕ್ಕಳ ಮುಂದೆ ಹಲವು ಬಾರಿ ಹೇಳಿದೆವು. ಹೈದರಾಬಾದಿನ ಹತ್ತಿರದ ಚಿಲ್ಕೂರಿನ ಬಾಲಾಜಿಗೆ ಜನರು ‘ವೀಸಾ ಬಾಲಾಜಿ’ ಎಂದೇ ಹೆಸರಿಟ್ಟಿದ್ದಾರೆ. ಕೋರಿಕೆಗೆ 11 ಪ್ರದಕ್ಷಿಣೆ, ಕೋರಿಕೆ ಈಡೇರಿದರೆ 108. ಅಲ್ಲಿ ಸುತ್ತು ಬರುವವರ ಭಕ್ತಿಯನ್ನು ನಾನು ಕಿರಿದು ಮಾಡುತ್ತಿಲ್ಲ. ಆದರೆ ಅದೇ ವರ್ಷ, ಅಷ್ಟೇ ಭಕ್ತಿಯಿಂದ ಪ್ರಾರ್ಥಿಸಿದ, ನಮಗಿಂತ ಚೆನ್ನಾಗಿ ಓದಿದ್ದ ಗೆಳೆಯನ ಹೆಸರು ಬರಲಿಲ್ಲ. ನಮ್ಮ ಹೆಸರನ್ನು ದೇವರು ಎತ್ತಿದ ಎನ್ನುವವರು ಅವನ ಹೆಸರನ್ನು ದೇವರು ಬದಿಗಿಟ್ಟ ಎಂಬುದನ್ನೂ ಒಪ್ಪಬೇಕಾಗುತ್ತದೆ. ದೊಡ್ಡವರಾದ ನಾವು ಆ ಎರಡನೆಯ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬಹುಶಃ ಯೋಚಿಸುವುದೂ ಇಲ್ಲ. ಮಕ್ಕಳು ಹಾಗೆ ಅರ್ಧಕ್ಕೆ ನಿಲ್ಲಿಸುವುದಿಲ್ಲ. ಕೊಟ್ಟವನು ದೇವರಾದರೆ ಕಿತ್ತುಕೊಂಡವನೂ ಅವನೇ ಆಗಿರಬೇಕು, ಶ್ಲೋಕಕ್ಕೆ ಒಲಿದು ಕೊಟ್ಟಿದ್ದರೆ ಶ್ಲೋಕ ನಿಂತದ್ದಕ್ಕೆ ಮುನಿದು ಕಿತ್ತುಕೊಂಡಿರಬೇಕು ಎಂದು ಆ ಹುಡುಗಿ ತರ್ಕಿಸಿದ್ದಾಳೆ. ಅವಳ ತರ್ಕದಲ್ಲಿ ದೋಷವಿಲ್ಲ. ಅವಳಿಗೆ ಸಿಕ್ಕಿದ ಮೊದಲ ಮಾತಿನಲ್ಲಿ ದೋಷವಿದೆ.

ಕೃತಜ್ಞತೆ ಬೇಡವೆಂದು ನಾನು ಹೇಳುತ್ತಿಲ್ಲ. ಸಿಕ್ಕಿದ್ದಕ್ಕೆ ಕೈಮುಗಿಯುವುದು ಬೇರೆ, ನನ್ನ ಭಕ್ತಿಗೆ ಬೆಲೆಯಾಗಿ ಸಿಕ್ಕಿತು ಎಂದುಕೊಳ್ಳುವುದು ಬೇರೆ. ಕೈಮುಗಿಯುವವನಿಗೆ ತನಗಿಂತ ಹಿಂದೆ ಉಳಿದವನ ನೆನಪು ಇರುತ್ತದೆ. ಭಕ್ತಿಗೆ ಬೆಲೆ ಸಿಕ್ಕಿತೆಂದವನಿಗೆ ಆ ನೆನಪು ಇರುವುದು ಕಷ್ಟ.

ಇನ್ನೊಂದು ವಿಷಯವನ್ನೂ ಮಕ್ಕಳಿಂದ ಮುಚ್ಚಿಡಬಾರದು. ನಮ್ಮ ಬದುಕನ್ನು ಇಲ್ಲಿ ಅಲುಗಾಡಿಸುವ ಎಷ್ಟೋ ಸಂಗತಿಗಳು ಮನುಷ್ಯರು ಸಭೆಯಲ್ಲಿ ಕುಳಿತು ಬರೆದ ನಿಯಮಗಳಿಂದ ಆಗುತ್ತವೆ. ಇಂಥ ವೀಸಾದಲ್ಲಿದ್ದು ಕೆಲಸ ಹೋದವರಿಗೆ ಇಲ್ಲಿ ಉಳಿಯಲು ಗರಿಷ್ಠ 60 ದಿನಗಳ ಅವಕಾಶ ಕೊಡುವ ನಿಯಮ 2017ರಲ್ಲಿ ಜಾರಿಗೆ ಬಂದದ್ದು. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳು, ಅಂದರೆ ಕಾಯಂ ವಾಸದ ಪರವಾನಗಿಗಳು, ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ 1990ರ ಕಾನೂನಿನಿಂದ ಬಂದದ್ದು. ಐಸ್‌ಲ್ಯಾಂಡಿಗೂ ಭಾರತಕ್ಕೂ ಅದೇ ಮಿತಿ. ನಮ್ಮವರು ವರ್ಷಗಟ್ಟಲೆ ಸರದಿಯಲ್ಲಿ ನಿಲ್ಲುವುದು, ಇಲ್ಲಿಯೇ ಬೆಳೆದ ಮಕ್ಕಳು 21 ತುಂಬಿದಾಗ ಹೆತ್ತವರ ಅರ್ಜಿಯ ಆಸರೆ ತಪ್ಪಿ ಕಂಗಾಲಾಗುವುದು, ಇವೆಲ್ಲ ಈ ಲೆಕ್ಕದ ಪರಿಣಾಮಗಳು. ಇದನ್ನು ಹಣೆಬರಹ ಎಂದುಬಿಟ್ಟರೆ, ಮನುಷ್ಯರು ಬರೆದದ್ದನ್ನು ಮನುಷ್ಯರೇ ತಿದ್ದಬಹುದು ಎಂಬ ಅರಿವನ್ನೂ ಮಕ್ಕಳಿಂದ ಕಸಿದುಕೊಂಡಂತಾಗುತ್ತದೆ. ಕಂಪನಿಯು ಖರ್ಚು ಇಳಿಸಲು ಹಲವರನ್ನು ಒಟ್ಟಿಗೇ ತೆಗೆದಿದೆ, ಅದರಲ್ಲಿ ಅಪ್ಪನೂ ಒಬ್ಬರು, ಬೇರೆ ಕೆಲಸ ಹುಡುಕಲು ಇಷ್ಟು ಸಮಯವಿದೆ, ಸಿಗದಿದ್ದರೆ ಏನು ಮಾಡಬೇಕೆಂದು ನಾವು ಮಾತಾಡುತ್ತಿದ್ದೇವೆ: ಒಂಬತ್ತು ವರ್ಷದ ಮಗುವಿಗೆ ಇದೆಲ್ಲ ಅರ್ಥವಾಗುತ್ತದೆ.

‘ಇದು ನಮ್ಮ ಸಂಪ್ರದಾಯಕ್ಕೆ ವಿರುದ್ಧವಲ್ಲವೇ’ ಎಂದು ಹಿರಿಯರೊಬ್ಬರು ಕೇಳಿದ್ದರು. ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಆ ಮಗುವಿನ ಪ್ರಶ್ನೆ ನಮ್ಮ ಸಂಪ್ರದಾಯದ ಒಳಗಿನದೇ. ವೇದಾಂತದ ಮೂಲಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ‘ವೈಷಮ್ಯನೈರ್ಘೃಣ್ಯೇ ನ’ ಎಂದು ತೊಡಗುವ ಸೂತ್ರವಿದೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯೂ ಕರುಣೆಯಿಲ್ಲದವನೂ ಆಗುವುದಿಲ್ಲವೇ ಎಂಬ ಆಕ್ಷೇಪವನ್ನು ಎತ್ತಿಕೊಂಡು, ಇಲ್ಲ, ಅವನು ಜೀವಿಗಳ ಕರ್ಮವನ್ನು ಅಪೇಕ್ಷಿಸಿ ಫಲ ಕೊಡುತ್ತಾನೆ ಎಂದು ಅದು ಉತ್ತರಿಸುತ್ತದೆ. ಶಂಕರರ ಭಾಷ್ಯದಲ್ಲಿ ಈಶ್ವರನನ್ನು ಮಳೆಗೆ ಹೋಲಿಸಲಾಗಿದೆ: ಮಳೆ ಎಲ್ಲ ಬೆಳೆಗೂ ಸಮಾನ, ಭತ್ತವೋ ಜವೆಯೋ ಎಂಬ ಭೇದ ಬೀಜದಿಂದ ಬರುತ್ತದೆ. ಉಡುಪಿಯ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಎಲ್ಲವನ್ನೂ ಮಾಡಿಸುವವನು ವಿಷ್ಣುವೇ ಎಂಬುದನ್ನು ಬಲವಾಗಿ ಎತ್ತಿಹಿಡಿದವರು. ಅವರೂ ಜೀವದ ಕರ್ಮಕ್ಕೆ, ಅನಾದಿಯಾದ ಅದರ ಸ್ವಭಾವಕ್ಕೆ ತಕ್ಕಂತೆಯೇ ಫಲವೆಂದರು. ಅಲ್ಲಿಗೆ, ಒಂದು ದಿನದ ಶ್ಲೋಕ ತಪ್ಪಿದ್ದಕ್ಕೆ ಮುನಿದು ಒಂದು ಸಂಸಾರದ ಅನ್ನ ಕೀಳುವ ದೇವರಿಗೆ ನಮ್ಮ ಆಚಾರ್ಯರಲ್ಲಿ ಯಾರೂ ಜಾಗ ಕೊಟ್ಟಿಲ್ಲ.

ಕರ್ಮದ ಉತ್ತರ ದೇವರ ಮೇಲಿನ ಆರೋಪವನ್ನು ಕಳೆಯುತ್ತದೆ, ನಿಜ. ಆದರೆ ಆ ಆರೋಪವನ್ನು ತಂದು ನೊಂದವರ ಮೇಲೆ ಹೊರಿಸುವ ಅಪಾಯವೂ ಅದರಲ್ಲಿದೆ, ಮತ್ತು ಈ ಅಪಾಯವನ್ನು ನಾನು ನಮ್ಮ ಸಮುದಾಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಮಗುವಿಗೆ ಆಟಿಸಂ ಇದೆಯೆಂದು ತಿಳಿದ ತಾಯಿಗೆ ಕೂಟದ ಊಟದ ಸಾಲಿನಲ್ಲಿ ನಿಂತಾಗ ‘ಯಾವ ಜನ್ಮದ್ದೋ ಏನೋ’ ಎಂದವರಿದ್ದಾರೆ. ಊರಿಂದ ಜಾತಕ ತರಿಸಿ, ಸರ್ಪದೋಷವೆಂದು ಹೇಳಿಸಿ, ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿಕೊಂಡು ಬರುವವರೆಗೆ ಮುಂದಿನ ಹೆಜ್ಜೆ ಇಡದ ಸಂಸಾರಗಳಿವೆ. ಸೇವೆ ಮಾಡಿಸುವುದರಿಂದ ಮನಸ್ಸಿಗೆ ಧೈರ್ಯ ಬರುವುದಾದರೆ ಖಂಡಿತ ಮಾಡಿಸಲಿ. ಆದರೆ ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ರಾಜ್ಯಗಳು ನಡೆಸುವ ಆರಂಭಿಕ ನೆರವಿನ ವ್ಯವಸ್ಥೆಯಿದೆ, ಮೂರು ತುಂಬಿದ ಮೇಲೆ ಆ ಹೊಣೆ ನೀವಿರುವ ಪ್ರದೇಶದ ಸರ್ಕಾರಿ ಶಾಲಾ ಜಿಲ್ಲೆಯದು. ಅದಕ್ಕೆ ಹೆತ್ತವರೇ ನೇರವಾಗಿ ಕೋರಿಕೆ ಸಲ್ಲಿಸಬಹುದು. ಮಾತು ಕಲಿಯುವ ವಯಸ್ಸಿನಲ್ಲಿ ಕಳೆದುಹೋದ ತಿಂಗಳುಗಳನ್ನು ಮತ್ತೆ ತರಲಾಗದು. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಪಾಪದಿಂದ ಮಗು ಹೀಗಾಯಿತೆಂದು ನಂಬಿದ ತಾಯಿ ಆ ಮಗುವನ್ನು ಹಬ್ಬಕ್ಕೂ ಕೂಟಕ್ಕೂ ಕರೆತರುವುದನ್ನು ನಿಲ್ಲಿಸುತ್ತಾಳೆ, ಅದನ್ನು ನೋಡಿದ ಮಗುವಿನ ಅಕ್ಕನೋ ಅಣ್ಣನೋ ತನ್ನ ಮನೆಯ ಬಗ್ಗೆ ನಾಚಿಕೆಪಡಲು ಕಲಿಯುತ್ತದೆ. ಕರ್ಮಸಿದ್ಧಾಂತವನ್ನು ಒಬ್ಬನು ತನ್ನ ನಡತೆಯನ್ನು ತಿದ್ದಿಕೊಳ್ಳಲು ಬಳಸಿಕೊಳ್ಳಬಹುದು. ಇನ್ನೊಬ್ಬರ ಕಷ್ಟಕ್ಕೆ ಕಾರಣ ಹೇಳಲು ಅದನ್ನು ಬಳಸುವ ಹಕ್ಕು ನಮಗೆ ಯಾರಿಗೂ ಇಲ್ಲ. ಹುಟ್ಟಿನ ಕಾರಣಕ್ಕೆ ಜನರನ್ನು ಊರ ಹೊರಗಿಟ್ಟಾಗಲೂ ಪೂರ್ವಜನ್ಮದ ಕರ್ಮವೆಂಬ ಸಮಾಧಾನವನ್ನೇ ಹೇಳಲಾಯಿತು ಎಂಬುದನ್ನು ಮರೆಯಬಾರದು.

ಈ ಮಾತಿಗೆ ಹೊಂದಿಕೊಂಡ ಒಂದು ದೊಡ್ಡ ಚರ್ಚೆ ಭಾರತದಲ್ಲೇ ನಡೆದಿದೆ. ಪ್ರೌಢಶಾಲೆಯ ಮಕ್ಕಳೊಡನೆ ಅದನ್ನು ಓದಬಹುದು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭಾರೀ ಭೂಕಂಪವಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಅಸ್ಪೃಶ್ಯತಾ ನಿವಾರಣೆಗಾಗಿ ದಕ್ಷಿಣದಲ್ಲಿ ಪ್ರವಾಸ ಮಾಡುತ್ತಿದ್ದ ಗಾಂಧೀಜಿಯವರು, ಇದು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಸಾರ್ವಜನಿಕವಾಗಿ ಹೇಳಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ದ್ವೇಷಿಸುತ್ತಿದ್ದ ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಪ್ರಕೃತಿಯ ಅನಾಹುತಗಳಿಗೆ ಪ್ರಕೃತಿಯಲ್ಲಿಯೇ ಕಾರಣವಿದೆ, ಅವನ್ನು ನೀತಿಯ ತಕ್ಕಡಿಗೆ ಹಾಕಬಾರದು, ಮೇಲಾಗಿ ಇಂಥ ವಾದ ನಿಮಗಿಂತ ನಿಮ್ಮ ವಿರೋಧಿಗಳಿಗೇ ಹೆಚ್ಚು ಒಪ್ಪುತ್ತದೆ, ನಿಮ್ಮ ಸುಧಾರಣೆಯಿಂದಲೇ ದೇವರು ಮುನಿದನೆಂದು ಅವರೂ ಹೇಳಬಹುದಲ್ಲ ಎಂಬುದು ಅವರ ವಾದದ ಸಾರ. ಗಾಂಧೀಜಿಯವರು ಆ ಆಕ್ಷೇಪವನ್ನು ತಮ್ಮದೇ ‘ಹರಿಜನ’ ಪತ್ರಿಕೆಯಲ್ಲಿ ಫೆಬ್ರವರಿ 16ರಂದು ಪ್ರಕಟಿಸಿ, ತಮ್ಮ ನಂಬಿಕೆಯನ್ನು ಬಿಟ್ಟುಕೊಡದೆ ಉತ್ತರ ಬರೆದರು. ಮಾರ್ಚಿನಲ್ಲಿ ಬಿಹಾರಕ್ಕೇ ಹೋಗಿ ಪರಿಹಾರದ ಕೆಲಸದಲ್ಲಿ ತೊಡಗಿದರು. ಈ ವಿಷಯದಲ್ಲಿ ನಾನು ಠಾಕೂರರ ಕಡೆಯವನು. ಆ ಅವಶೇಷಗಳ ಕೆಳಗೆ ಸತ್ತವರಲ್ಲಿ ಅಸ್ಪೃಶ್ಯತೆಯ ಪೆಟ್ಟು ತಿಂದವರೂ ಇದ್ದಿರಲೇಬೇಕು. ಆ ಪಾಪದ ಶಿಕ್ಷೆಯನ್ನು ಅವರೇಕೆ ಅನುಭವಿಸಬೇಕು? ಹಾಗೆಂದು ಗಾಂಧೀಜಿಯವರನ್ನು ಹಗುರವಾಗಿ ಕಾಣಲಾರೆ. ಅವರು ಆ ಪಾಪದಲ್ಲಿ ತಮ್ಮನ್ನೂ ಸೇರಿಸಿಕೊಂಡು ಪಶ್ಚಾತ್ತಾಪವನ್ನು ಕೇಳಿದರು. ಊಟದ ಸಾಲಿನಲ್ಲಿ ‘ಯಾವ ಜನ್ಮದ್ದೋ’ ಎನ್ನುವವರು ತಮ್ಮನ್ನು ಹೊರಗಿಟ್ಟುಕೊಂಡು ಮಾತಾಡುತ್ತಾರೆ.

ಹಾಗಾದರೆ ದೇವರು ನಮ್ಮ ಏಳುಬೀಳುಗಳಲ್ಲಿ ಕೈಹಾಕುವುದೇ ಇಲ್ಲವೆಂದರೆ ಮಕ್ಕಳನ್ನು ದೇವಸ್ಥಾನಕ್ಕೆ ಏಕೆ ಕರೆದುಕೊಂಡು ಹೋಗಬೇಕು ಎಂದು ತಮ್ಮನಂಥ ಸದಸ್ಯರೊಬ್ಬರು ಕೇಳಿದ್ದಾರೆ. ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆರವಾದದ್ದು ಕನ್ನಡ ನಾಡಿನಲ್ಲಿ ಆಳವಾಗಿ ಬೇರೂರಿದ ಜೈನ ಧರ್ಮ. ಅಲ್ಲಿ ಜಗತ್ತನ್ನು ಸೃಷ್ಟಿಸಿ ನಡೆಸುವ ದೇವರಿಲ್ಲ. ಮುಕ್ತನಾದ ಜಿನನು ಒಲಿದು ವರ ಕೊಡುವುದಿಲ್ಲ, ಮುನಿದು ಶಾಪ ಕೊಡುವುದೂ ಇಲ್ಲ. ಆದರೂ ಪೂಜೆಯಿದೆ, ಸ್ತೋತ್ರವಿದೆ, ಶ್ರವಣಬೆಳಗೊಳದ ಬೆಟ್ಟ ಹತ್ತುವ ಭಕ್ತರಿದ್ದಾರೆ. ಅವರ ಪ್ರಸಿದ್ಧ ಮಂಗಳಶ್ಲೋಕವೊಂದು ‘ವಂದೇ ತದ್ಗುಣಲಬ್ಧಯೇ’ ಎಂದು ಮುಗಿಯುತ್ತದೆ: ಆ ಗುಣಗಳು ನನಗೂ ಬರಲೆಂದು ವಂದಿಸುತ್ತೇನೆ. ಮಗುವಿಗೆ ಹೇಳಿಕೊಡಲು ಇಷ್ಟು ನೇರವಾದ ಪ್ರಾರ್ಥನೆ ಬೇರೆ ಇರಲಾರದು. ಕೆಲಸ ಕೊಡು ಎಂದು ಕೇಳುವ ಬದಲು ಅಪ್ಪನಿಗೆ ಧೈರ್ಯ ಬರಲಿ, ಅಮ್ಮನ ತಾಳ್ಮೆ ನನಗೂ ಬರಲಿ ಎಂದು ಕೇಳಿದಾಗ ಕೆಲಸ ಸಿಗದಿದ್ದರೂ ದೇವರು ಸುಳ್ಳಾಗುವುದಿಲ್ಲ, ಮಗು ತಪ್ಪಿತಸ್ಥಳಾಗುವುದಿಲ್ಲ.

ಆದರೆ ಅದೇ ಜೈನರು ಹೊಂಬುಜದಲ್ಲಿ ಪದ್ಮಾವತಿಯನ್ನೂ, ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯನ್ನೂ ಆರಾಧಿಸುತ್ತಾರೆ. ಜಿನರ ಪರಿವಾರದ ದೇವತೆಗಳಾದ ಆ ಯಕ್ಷಿಯರ ಮುಂದೆ ಮಕ್ಕಳಾಗಲಿ, ಕಾಯಿಲೆ ವಾಸಿಯಾಗಲಿ ಎಂದು ಬೇಡಿಕೊಳ್ಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅಷ್ಟು ಕಟ್ಟುನಿಟ್ಟಾದ ದರ್ಶನವೂ ಬೇಡಿಕೊಳ್ಳುವ ಮನಸ್ಸಿಗೆ ಒಂದು ಬಾಗಿಲು ತೆರೆದಿಟ್ಟಿತು. ಆದ್ದರಿಂದ ಊರಿನಲ್ಲಿ ಮುಡಿಪು ಕಟ್ಟಿಟ್ಟ ಅತ್ತೆಯವರ ಮೇಲೆ ದಯವಿಟ್ಟು ಯಾರೂ ಬೇಸರಿಸಬೇಡಿ. ಸಾವಿರಾರು ಮೈಲಿ ದೂರದಲ್ಲಿ ಮಗನು ಕಷ್ಟದಲ್ಲಿರುವಾಗ ಆ ತಾಯಿ ಇನ್ನೇನು ಮಾಡಬಲ್ಲರು? ಮಗಳಿಗೆ ಅದನ್ನು ‘ಅಜ್ಜಿ ದೇವರಿಗೆ ಲಂಚ ಕೊಡುತ್ತಿದ್ದಾರೆ’ ಎಂದೋ, ‘ಅಜ್ಜಿಯ ಹರಕೆಯಿಂದಲೇ ಅಪ್ಪನಿಗೆ ಕೆಲಸ ಸಿಗುತ್ತದೆ’ ಎಂದೋ ಹೇಳುವ ಅಗತ್ಯವಿಲ್ಲ. ಅಜ್ಜಿಗೆ ನಮ್ಮ ಮೇಲೆ ತುಂಬ ಪ್ರೀತಿ, ಅವರಿಗೆ ಗೊತ್ತಿರುವ ರೀತಿಯಲ್ಲಿ ನಮಗಾಗಿ ಬೇಡಿಕೊಳ್ಳುತ್ತಿದ್ದಾರೆ ಎಂದರೆ ಸಾಕು.

ಕೊನೆಯದಾಗಿ ಆ ಸೋದರಿಗೆ. ಅಕ್ಕಾ, ಮಗಳನ್ನು ಹತ್ತಿರ ಕೂರಿಸಿಕೊಂಡು, ಶ್ಲೋಕ ಬಿಟ್ಟದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಇವತ್ತೇ ಹೇಳಿ, ಒಂದೇ ಸಲಕ್ಕೆ ನಂಬದಿದ್ದರೆ ನಾಳೆಯೂ ಹೇಳಿ. ಸಂಜೆಯ ಶ್ಲೋಕವನ್ನು ಈಗಲೇ ಮತ್ತೆ ಶುರು ಮಾಡಿಸಬೇಡಿ. ಮಾಡಿಸಿದರೆ ಅವಳ ಅನುಮಾನ ಗಟ್ಟಿಯಾಗುತ್ತದೆ. ಮನೆಯ ಪರಿಸ್ಥಿತಿ ಒಂದು ದಡ ಮುಟ್ಟಿದ ಮೇಲೆ ಅವಳಿಗೆ ಬೇಕೆನಿಸಿದಾಗ ಹೇಳಲಿ. ಯಜಮಾನರ ಕೆಲಸದ ವಿವರಗಳನ್ನು ಇಲ್ಲಿ ಹಂಚಿಕೊಳ್ಳಲು ಅವರು ಒಪ್ಪಿದರೆ ದಯವಿಟ್ಟು ಹಾಕಿ. ತಮ್ಮ ಕಂಪನಿಗಳಲ್ಲಿ ಹೆಸರು ಸೂಚಿಸಬಲ್ಲವರು ಈ ಗುಂಪಿನಲ್ಲಿ ಬಹಳ ಮಂದಿ ಇದ್ದಾರೆ, ಮತ್ತು ಗಡುವಿನ ದಿನಗಳು ಈಗಾಗಲೇ ಎಣಿಕೆಯಾಗುತ್ತಿವೆ.