ಕರೆಂಟ್ ಹೋಗಿ ಬಂದರೆ ಗೀಸರ್ ಪ್ಲಗ್‌ಗೆ ವೈಫೈ ಸಿಗುತ್ತಿಲ್ಲ (ಪರಿಹಾರ ಸಿಕ್ಕಿದೆ)

ಮಲ್ನಾಡ್_ಮಳೆ
ಎಲ್ಲರಿಗೂ ನಮಸ್ಕಾರ. ಮನೆ ಶಿವಮೊಗ್ಗದಲ್ಲಿ. ಗೀಸರ್‌ಗೆ 16 ಆಂಪ್ ಸ್ಮಾರ್ಟ್ ಪ್ಲಗ್ (ವೈಫೈಗೆ ಸೇರಿಸಿ ಆನ್-ಆಫ್ ಟೈಮ್ ಹಾಕೋ ಪ್ಲಗ್) ಹಾಕಿದ್ದೇನೆ. ಬೆಳಗ್ಗೆ 5:30ಕ್ಕೆ ಆನ್, 5:50ಕ್ಕೆ ಆಫ್. ಅಮ್ಮ ಎದ್ದ ಕೂಡಲೇ ಸ್ನಾನಕ್ಕೆ ಹೋಗುತ್ತಾರೆ, ಅದಕ್ಕೆ. ಆರು ತಿಂಗಳು ಏನೂ ತೊಂದರೆ ಇರಲಿಲ್ಲ. ಹೋದ ತಿಂಗಳು ಹೊಸ ರೂಟರ್ ಬಂತು ನೋಡಿ, ಕಾಟ ಶುರುವಾಯ್ತು. ರಾತ್ರಿ ಕರೆಂಟ್ ಹೋಗಿ ಬಂದರೆ ಪ್ಲಗ್ ಆಫ್‌ಲೈನ್. ಪ್ರತಿ ಸಲವೂ ಅಲ್ಲ, ಕೆಲವೊಮ್ಮೆ ಮಾತ್ರ. ಫೋನ್, ಟಿವಿ ಎಲ್ಲಕ್ಕೂ ನೆಟ್ ಬರುತ್ತದೆ. ಪ್ಲಗ್‌ನ ನೀಲಿ ದೀಪ ಮಾತ್ರ ಮಿಣುಕುತ್ತಾ ಕೂತಿರುತ್ತದೆ. ನಿನ್ನೆ ಅಮ್ಮ ತಣ್ಣೀರಲ್ಲೇ ಸ್ನಾನ ಮಾಡಿ ಬಂದು, "ನಿನ್ನ ವೈಫೈಗಿಂತ ಬಚ್ಚಲ ಹಂಡೆನೇ ವಾಸಿ" ಅಂದರು.

ತಂತಿಜಾಲ
ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್ ಇರುತ್ತವೆ. ಈ ಪ್ಲಗ್‌ಗಳಿಗೆ ಸಾಮಾನ್ಯವಾಗಿ 2.4 ಮಾತ್ರ ಗೊತ್ತು. ಹೊಸ ರೂಟರ್ 2.4ಕ್ಕೂ 5ಕ್ಕೂ ಒಂದೇ ಹೆಸರು ಇಟ್ಟಿರುತ್ತದೆ. ಬೇರೆ ಬೇರೆ ಹೆಸರು ಕೊಟ್ಟು ನೋಡಿ. ವೈಫೈ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ3 ಇದ್ದರೆ ಹಳೆಯ ಡಬ್ಲ್ಯುಪಿಎ2 ಮಾಡಿ.

ಮಲ್ನಾಡ್_ಮಳೆ
ಎರಡೂ ಮೊದಲ ವಾರವೇ ಮಾಡಿದ್ದೆ ಸರ್. ಏನೂ ಪ್ರಯೋಜನ ಆಗಲಿಲ್ಲ. ಇನ್ನೊಂದು ಡೌಟು. ಟೈಮರ್ ಪ್ಲಗ್ ಒಳಗೇ ಇದೆ ಅಲ್ವಾ? ವೈಫೈ ಇಲ್ಲದಿದ್ದರೂ ಗೀಸರ್ ಆನ್ ಆಗಬೇಕಲ್ಲ?

ಬೆಸುಗೆ_ಕಡ್ಡಿ
ಟೈಮರ್ ಒಳಗೆ ಇರಬಹುದು, ಆದರೆ ಇಂಥ ಪ್ಲಗ್‌ಗಳಲ್ಲಿ ಗಡಿಯಾರ ನಡೆಸೋ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಯಿತೋ, ಗಂಟೆ ಎಷ್ಟು ಅನ್ನೋದೇ ಮರೆತುಹೋಗುತ್ತದೆ. ಮತ್ತೆ ನೆಟ್‌ನಲ್ಲೇ ಕೇಳಿ ತಿಳಿದುಕೊಳ್ಳಬೇಕು. ನೆಟ್ ಸಿಗದಿದ್ದರೆ ಅದಕ್ಕೆ 5:30 ಆಗುವುದೇ ಇಲ್ಲ.

ಈಗ ಮೂಲ ವಿಷಯ. "ಕೆಲವೊಮ್ಮೆ ಮಾತ್ರ" ಅಂದ್ರಲ್ಲ, ಸುಳಿವು ಅಲ್ಲೇ ಇದೆ. ಪಾಸ್‌ವರ್ಡ್ ತಪ್ಪಿದ್ದರೆ ಒಂದು ಸಲವೂ ಸಿಗುತ್ತಿರಲಿಲ್ಲ. ರೂಟರ್ ಆನ್ ಆದಾಗೆಲ್ಲ ಬದಲಾಗೋದು ಏನು? ಚಾನಲ್! ಅಂದರೆ 2.4ರ ಒಳಗೆ ನಂಬರ್ ಹಾಕಿ ಹಂಚಿದ ಜಾಗ. ರೂಟರ್ "ಆಟೋ"ದಲ್ಲಿದ್ದರೆ ಅಕ್ಕಪಕ್ಕದ ಮನೆಗಳ ಗದ್ದಲ ನೋಡಿ ಖಾಲಿ ಇರುವ ಜಾಗ ಹಿಡಿಯುತ್ತದೆ. ನಮ್ಮಲ್ಲಿ 13ರವರೆಗೆ ಹೋಗಬಹುದು. ಅಮೆರಿಕದಲ್ಲಿ ವಾಡಿಕೆ 11ರವರೆಗೆ ಮಾತ್ರ. ಕೆಲವು ಪ್ಲಗ್‌ಗಳ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಆ ಲೆಕ್ಕಕ್ಕೇ ಬರೆದಿರುತ್ತಾರೆ. ರೂಟರ್ 12ಕ್ಕೋ 13ಕ್ಕೋ ಹೋಗಿ ಕೂತರೆ ಫೋನ್‌ಗೆ ಕಾಣುತ್ತದೆ, ಪ್ಲಗ್ ಪಾಲಿಗೆ ನಿಮ್ಮ ವೈಫೈ ಇಲ್ಲವೇ ಇಲ್ಲ.

ಮುಂದಿನ ಸಲ ದೀಪ ಮಿಣುಕುವಾಗ ಪ್ಲಗ್ ರೀಸೆಟ್ ಮಾಡಬೇಡಿ. ಫೋನ್‌ನಲ್ಲಿ ವೈಫೈ ಅನಲೈಜರ್ ಆಪ್ ಹಾಕಿ ಚಾನಲ್ ನಂಬರ್ ನೋಡಿ.

ಅಂದಹಾಗೆ 16 ಆಂಪ್ ಪ್ಲಗ್ ತಗೊಂಡಿದ್ದು ಒಳ್ಳೇದಾಯ್ತು. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 9 ಆಂಪ್ ಎಳೆಯುತ್ತದೆ. 6 ಆಂಪ್ ಪ್ಲಗ್‌ಗೆ ಗೀಸರ್ ಹಾಕಿ ಸುಟ್ಟುಕೊಂಡವರನ್ನ ನೋಡಿದ್ದೇನೆ.

ಕೆಂಪುಬಸ್ಸು
ಇಷ್ಟೆಲ್ಲ ಯಾಕೆ? ರೂಟರನ್ನ ಇನ್ವರ್ಟರ್ ಲೈನಿಗೆ ಹಾಕಿ. ಅದು ಆಫೇ ಆಗಲ್ಲ.

ಬೆಸುಗೆ_ಕಡ್ಡಿ
ಹಾಕಲಿ, ಒಳ್ಳೇದೇ. ಆದರೆ ಕೆಲವು ರೂಟರ್‌ಗಳು ಆನ್ ಇದ್ದಾಗಲೇ ಚಾನಲ್ ಬದಲಿಸುತ್ತವೆ. ಆಗ ಇನ್ವರ್ಟರ್ ಏನು ಮಾಡುತ್ತೆ?

ಮಲ್ನಾಡ್_ಮಳೆ
ಸಿಕ್ಕಿತು! ನಿನ್ನೆ ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂತು, ದೀಪ ಮಿಣುಕತೊಡಗಿತು. ಆಪ್ ತೆಗೆದು ನೋಡಿದರೆ ನಮ್ಮ ವೈಫೈ ಚಾನಲ್ 13ರಲ್ಲಿ! ರೂಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ (192.168.1.1) ಹೋಗಿ ಆಟೋ ತೆಗೆದೆ. 1, 6, 11 ಒಂದರ ಮೇಲೊಂದು ಬೀಳಲ್ಲ ಅಂತ ಓದಿದ್ದೆ. 6ರಲ್ಲೂ 11ರಲ್ಲೂ ಪಕ್ಕದ ಮನೆಯವರು ಕೂತಿದ್ದಾರೆ, ಹಾಗಾಗಿ 1 ಹಾಕಿದೆ. ಚಾನಲ್ ಅಗಲ 20 ಮೆಗಾಹರ್ಟ್ಸ್. ಸೇವ್ ಮಾಡಿ ಒಂದು ನಿಮಿಷದೊಳಗೆ ಪ್ಲಗ್ ತಾನೇ ಬಂತು. ಬೇಕಂತಲೇ ಮೇನ್ ಸ್ವಿಚ್ ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ನಾಲ್ಕೂ ಸಲ ಬಂತು. ಬೆಸುಗೆ ಸರ್, ತುಂಬಾ ಥ್ಯಾಂಕ್ಸ್.

ಅಮ್ಮನಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ. ಈಗ ಬಚ್ಚಲಿಗೆ ಹೋಗಿ ನೋಡಿದರೆ ಹಂಡೆಗೆ ನೀರು ತುಂಬಿಸಿಟ್ಟಿದ್ದಾರೆ.