ಶಿವಮೊಗ್ಗ ಏರ್‌ಪೋರ್ಟಿಂದ ಏರ್ ಆಂಬುಲೆನ್ಸ್ ಶುರು ಮಾಡ್ಬೇಕು ಅಂತಿದೀವಿ, ಮೊದಲು ಏನು ಮಾಡ್ಬೇಕು ಹೇಳಿ

ತುಂಗಾತೀರ
ಎಲ್ರಿಗೂ ನಮಸ್ಕಾರ. ನಾವು ಐದು ಜನ ಸೇರ್ಕೊಂಡಿದೀವಿ, ಇಬ್ರು ಡಾಕ್ಟ್ರು, ಇಬ್ರು ಅಡಿಕೆ ವ್ಯಾಪಾರದವರು, ನಂದು ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪು. ಶಿವಮೊಗ್ಗ ಏರ್‌ಪೋರ್ಟ್ ಇರೋ ಸೋಗಾನೆಯಲ್ಲಿ 3,050 ಮೀಟರ್ ರನ್‌ವೇ ಇದೆ, 2023ರ ಆಗಸ್ಟ್ 31ರಿಂದ ವಿಮಾನ ಓಡಾಡ್ತಿದೆ, ಆದ್ರೆ ದಿನದಲ್ಲಿ ಹೆಚ್ಚಿನ ಹೊತ್ತು ಆ ರನ್‌ವೇ ಖಾಲಿನೇ. ಅಲ್ಲೊಂದು ಚಿಕ್ಕ ವಿಮಾನ ಪೇಷಂಟ್‌ಗೋಸ್ಕರ ನಿಲ್ಲಿಸೋಕೆ ಯಾಕಾಗಲ್ಲ ಅನ್ನೋದು ನಮ್ಮ ಪ್ರಶ್ನೆ.

ಯಾಕೆ ಇದು ತಲೆಗೆ ಹೊಕ್ಕಿತು ಅಂದ್ರೆ, ಹೋದ ಮಳೆಗಾಲದಲ್ಲಿ ಅಪ್ಪ ಅಟ್ಟದಿಂದ ಬಿದ್ದು ತಲೆಗೆ ಪೆಟ್ಟಾಯ್ತು. ಮೊದಲು ಕರ್ಕೊಂಡು ಹೋದ ಆಸ್ಪತ್ರೆಯಲ್ಲಿ ನ್ಯೂರೋ ಸರ್ಜನ್ ಇಲ್ಲ ಅಂತ ಹೇಳೋಕೇ ಎರಡು ಗಂಟೆ ತಗೊಂಡ್ರು, ಆಮೇಲೆ ಮಣಿಪಾಲಕ್ಕೆ ಹೋಗಿ ಅಂದ್ರು. ರಾತ್ರಿ ಹನ್ನೊಂದೂವರೆಗೆ ಆಗುಂಬೆ ಘಾಟಿ ಇಳೀತಿದೀವಿ, ಮಳೆ, ಮಂಜು, ಮುಂದೆ ಹತ್ತಡಿ ಕಾಣಲ್ಲ, ನಾನು ಒಂದು ಕೈಯಲ್ಲಿ ಡ್ರಿಪ್ ಬಾಟ್ಲಿ ಎತ್ತಿ ಹಿಡ್ಕೊಂಡು ಆಕ್ಸಿಜನ್ ಸಿಲಿಂಡರ್ ಮೀಟರ್ ನೋಡ್ತಾ ಕೂತಿದ್ದೆ, ಮುಳ್ಳು ಕೆಂಪು ಗೆರೆಗೆ ಬಂತು. ಇನ್ನೊಂದು ಸಿಲಿಂಡರ್ ಪಕ್ಕದಲ್ಲೇ ಇತ್ತು, ತುಂಬಿದ್ದು. ಆದ್ರೆ ಅದನ್ನ ತೆಗೆಯೋ ಕೀ ಗಾಡೀಲಿ ಇರ್ಲಿಲ್ಲ. ಹೆಬ್ರಿ ಹತ್ರ ಒಂದು ಗ್ಯಾರೇಜಿನವರನ್ನ ಎಬ್ಬಿಸಿ ಸ್ಪ್ಯಾನರ್ ತಂದ್ವಿ. ಅಪ್ಪ ಉಳಿದ್ರು, ಬಲಗೈ ಮಾತ್ರ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ.

ಲೈಸೆನ್ಸ್ ಏನೇನು ಬೇಕು, ವಿಮಾನ ಕೊಳ್ಳೋದಾ ಬಾಡಿಗೆಗೆ ತರೋದಾ, ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ ಆಪ್ಸ್
ಸರ್, ಬೆಂಗಳೂರಲ್ಲಿ ಚಾರ್ಟರ್ ಕಂಪನಿಯೊಂದರ ಆಪರೇಷನ್ಸ್‌ನಲ್ಲಿ ಹನ್ನೆರಡು ವರ್ಷ ಇದ್ದೆ, ಪೇಷಂಟ್ ಫ್ಲೈಟ್ ಸುಮಾರು ಕಳ್ಸಿದೀನಿ. ಮೊದಲ್ನೇ ಮಾತು, ವಿಮಾನ ಕೊಳ್ಳೋ ಯೋಚನೆ ಈಗ ಬಿಟ್ಬಿಡಿ. ಸ್ವಂತ ವಿಮಾನ ಬಾಡಿಗೆಗೆ ಓಡಿಸ್ಬೇಕು ಅಂದ್ರೆ ವಿಮಾನಯಾನ ನೋಡ್ಕೊಳ್ಳೋ ಕೇಂದ್ರದ ಡಿಜಿಸಿಎ ಇಂದ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ ಬೇಕು, ಅದಕ್ಕೆ ಮೇಂಟೆನೆನ್ಸ್ ವ್ಯವಸ್ಥೆ, ಸೇಫ್ಟಿ, ಟ್ರೈನಿಂಗ್, ಇದಕ್ಕೆಲ್ಲ ಬೇರೆ ಬೇರೆ ಜವಾಬ್ದಾರಿ ಹೊತ್ತ ಜನ ಇರ್ಬೇಕು. ಸ್ಟ್ರೆಚರ್ ಕೂಡ ಸುಮ್ನೆ ಸೀಟು ಕಿತ್ತು ಇಡೋ ಹಾಗಿಲ್ಲ, ಆ ವಿಮಾನಕ್ಕೆ ಅಂತ ಅಪ್ರೂವ್ ಆಗಿರೋ ಕಿಟ್ಟೇ ಆಗ್ಬೇಕು. ಪೈಲಟ್‌ಗಳಿಗೆ ಡ್ಯೂಟಿ ಟೈಮ್ ಮಿತಿ ಇದೆ, ಇಪ್ಪತ್ನಾಲ್ಕು ಗಂಟೆ ರೆಡಿ ಇರ್ತೀವಿ ಅನ್ನೋದಾದ್ರೆ ಒಂದು ಜೋಡಿ ಸಾಲಲ್ಲ, ಕಮ್ಮಿ ಅಂದ್ರೂ ಎರಡು ಮೂರು ಜೋಡಿ ಬೇಕು, ಪೇಷಂಟ್ ಬರ್ಲಿ ಬಿಡ್ಲಿ ಸಂಬಳ ನಡೀತಾನೇ ಇರತ್ತೆ.

ಪರ್ಮಿಟ್ ಇರೋ ಆಪರೇಟರ್ ಜೊತೆ ಒಪ್ಪಂದ ಮಾಡ್ಕೊಳ್ಳಿ. ಈ ಕೆಲಸಕ್ಕೆ ಹೆಚ್ಚಾಗಿ ಬರೋದು ಕಿಂಗ್ ಏರ್ ಥರದ ಎರಡು ಇಂಜಿನ್ ಟರ್ಬೋಪ್ರಾಪು, ಅಂದ್ರೆ ಪ್ರೊಪೆಲ್ಲರ್ ಇರೋ ಚಿಕ್ಕ ವಿಮಾನ, ಬೆಂಗಳೂರಿಂದ ಸೋಗಾನೆಗೆ ಮುಕ್ಕಾಲು ಗಂಟೆ ಒಳಗೆ ಬರತ್ತೆ. ಆದ್ರೆ ದುಡ್ಡಿನ ವಿಷಯ ಜನಕ್ಕೆ ಗೊತ್ತಿರಲ್ಲ, ಖಾಲಿ ಬರೋ ಟ್ರಿಪ್ಪಿಗೂ ಬಿಲ್ ಬೀಳತ್ತೆ. ಬೆಂಗಳೂರಲ್ಲಿ ವಿಮಾನ ಸಿಗ್ದೆ ದೆಹಲಿಯಿಂದ ಬಂದ್ರೆ ಅಷ್ಟು ದೂರದ್ದೂ ಪೇಷಂಟ್ ಮನೆಯವರ ತಲೆ ಮೇಲೆ. ಕೊಟೇಶನ್ ಕೇಳೋವಾಗ ವಿಮಾನ ಈಗ ಎಲ್ಲಿ ನಿಂತಿದೆ ಅಂತ ಮೊದಲು ಕೇಳಿ.

ರನ್‌ವೇ ಉದ್ದದ ಚಿಂತೆ ಬೇಡ, ಈ ಸೈಜಿನ ವಿಮಾನಕ್ಕೆ ಅದರಲ್ಲಿ ಅರ್ಧ ಇದ್ರೂ ಧಾರಾಳ. ಚಿಂತೆ ಇರೋದು ಎರಡು ಕಡೆ. ಒಂದು ವಾಚ್ ಅವರ್ಸ್, ಅಂದ್ರೆ ಏಟಿಸಿ (ವಿಮಾನ ಇಳಿಯೋಕೆ ಏಳೋಕೆ ದಾರಿ ಹೇಳೋರು), ಫೈರ್ ಟೆಂಡರ್ ಜನ ಡ್ಯೂಟೀಲಿರೋ ಹೊತ್ತು. ಆ ಟೈಮ್ ಮುಗಿದ್ಮೇಲೆ ವಿಮಾನ ಇಳೀಬೇಕಂದ್ರೆ ಎಕ್ಸ್‌ಟೆನ್ಶನ್ ಕೇಳ್ಬೇಕು, ಯಾರನ್ನ ಕೇಳ್ಬೇಕು, ಎಷ್ಟು ಹೊತ್ತಲ್ಲಿ ಕೊಡ್ತಾರೆ ಅನ್ನೋದನ್ನ ಮೊದಲೇ ಕೂತು ಬರ್ಸ್ಕೊಳ್ಳಿ. ಈ ಏರ್‌ಪೋರ್ಟ್ ನೋಡ್ಕೊಳ್ಳೋದು ರಾಜ್ಯ ಸರ್ಕಾರದ ಕೆಎಸ್‌ಐಐಡಿಸಿ, ಹಾಗಾಗಿ ನಿಮ್ಮ ಶಾಸಕರು ಡಿಸಿ ಮೂಲಕ ಹೋದ್ರೆ ಬಾಗಿಲು ತೆರೆಯೋದು ಸುಲಭ. ಎರಡನೇದು ಮಲೆನಾಡಿನ ಮೋಡ. ಜೂನ್ ಜುಲೈನಲ್ಲಿ ವಿಸಿಬಿಲಿಟಿ ಇಲ್ಲ ಅಂದ್ರೆ ಕ್ಯಾಪ್ಟನ್ ಬರಲ್ಲ ಅಂತಾರೆ, ಅವರು ಹಾಗೆ ಹೇಳಿದ್ರೆ ಯಾರೂ ಒತ್ತಾಯ ಮಾಡ್ಬಾರ್ದು.

ಹೊಸನಗರ ಹುಡುಗ
ಹೆಲಿಕಾಪ್ಟರ್ ಬೆಟರ್ ಅಲ್ವಾ ಅಣ್ಣ, ಆಸ್ಪತ್ರೆ ಹತ್ರಾನೇ ಇಳಿಸ್ಬೋದು. ಹೃಷಿಕೇಶದ ಏಮ್ಸ್‌ನಲ್ಲಿ ಶುರು ಮಾಡಿದ್ರಲ್ಲ?

ಹಳೇ ಆಪ್ಸ್
ಹೌದು ತಮ್ಮಾ, 2024ರ ಅಕ್ಟೋಬರ್‌ನಲ್ಲಿ ಶುರುವಾಯ್ತು. ಅದೇ ಹೆಲಿಕಾಪ್ಟರ್ 2025ರ ಮೇನಲ್ಲಿ ಕೇದಾರನಾಥದಲ್ಲಿ ಇಳಿಯೋವಾಗ ಬಾಲ ಮುರ್ಕೊಂಡು ಬಿತ್ತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೆಟ್ಟದ ಊರಲ್ಲಿ ಹೆಲಿಕಾಪ್ಟರ್‌ಗೆ ಕಣ್ಣಿಗೆ ದಾರಿ ಕಾಣ್ಲೇಬೇಕು, ನಮಗೆ ಹೆಚ್ಚು ಬೇಕಾಗೋದು ಘಾಟಿ ಕಟ್ ಆಗಿರೋ ಮಳೆ ದಿನಗಳಲ್ಲಿ, ಅವತ್ತೇ ಅದು ಹಾರಲ್ಲ.

ಐಸಿಯು ಸಿಸ್ಟರ್
ನಾನು ಐಸಿಯು ನರ್ಸ್, ನಾಲ್ಕು ವರ್ಷ ಪೇಷಂಟ್ ಜೊತೆ ವಿಮಾನದಲ್ಲಿ ಹೋಗಿದೀನಿ. ತುಂಗಾತೀರ ಸರ್, ನಿಮ್ಮ ಅಪ್ಪನ ವಿಷಯ ಓದಿ ತುಂಬಾ ಬೇಜಾರಾಯ್ತು, ಆದ್ರೆ ಒಂದು ಲೆಕ್ಕ ಹೇಳ್ತೀನಿ ಬೇಸರ ಮಾಡ್ಕೋಬೇಡಿ. ಫೋನ್ ಬಂದ್ಮೇಲೆ ಕ್ರ್ಯೂ, ಪರ್ಮಿಶನ್, ಮೆಡಿಕಲ್ ಟೀಮು ಸೇರಿ ವಿಮಾನ ಏಳೋಕೆ ಎರಡು ಗಂಟೆ ಇಟ್ಕೊಳ್ಳಿ, ಬರೋಕೆ ಮುಕ್ಕಾಲು, ಪೇಷಂಟ್‌ನ ನಮ್ಮ ವೆಂಟಿಲೇಟರ್‌ಗೆ ಬದಲಾಯ್ಸಿ ಹತ್ತಿಸೋಕೆ ಮುಕ್ಕಾಲು, ಮತ್ತೆ ಹೋಗೋಕೆ ಮುಕ್ಕಾಲು, ಬೆಂಗಳೂರಿನ ಎಚ್‌ಎಎಲ್ ಏರ್‌ಪೋರ್ಟಿಂದ ಆಸ್ಪತ್ರೆಗೆ ಅರ್ಧ ಗಂಟೆ. ನಾಲ್ಕೂಮುಕ್ಕಾಲು ಗಂಟೆ ಆಯ್ತು. ಮಣಿಪಾಲಕ್ಕಾದ್ರೆ ಮಂಗಳೂರಿನ ಬಜ್ಪೆ ಏರ್‌ಪೋರ್ಟಲ್ಲಿ ಇಳಿದು ಮತ್ತೆ ಅರವತ್ತು ಕಿಲೋಮೀಟರ್ ರೋಡು. ಅಷ್ಟರಲ್ಲಿ ಒಳ್ಳೇ ಆಂಬುಲೆನ್ಸು ಘಾಟಿ ಇಳಿದು ಮಣಿಪಾಲ ಮುಟ್ಟಿರತ್ತೆ. ಅವತ್ತು ರಾತ್ರಿ ನಿಮಗೆ ಬೇಕಾಗಿದ್ದು ಎರಡು ಗಂಟೆ ಮೊದಲು ಒಂದು ನಿರ್ಧಾರ, ಗಾಡೀಲಿ ಟ್ರೈನಿಂಗ್ ಆದ ಒಬ್ರು, ಆ ಕೀ.

ಹಾರ್ಟ್ ಅಟ್ಯಾಕ್‌ಗೂ ಅಷ್ಟೇ, ವಿಮಾನ ಕಾಯ್ಬಾರ್ದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ ರಕ್ತ ಹೆಪ್ಪು ಕರಗಿಸೋ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಕೊಡ್ತಾರೆ, ಅದು ಮೊದಲು. ಸ್ಟ್ರೋಕ್ ಆದ್ರೆ ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇರೋದೇ ನಾಲ್ಕೂವರೆ ಗಂಟೆ.

ಹಾಗಾದ್ರೆ ವಿಮಾನ ಯಾರಿಗೆ? ಎರಡು ಮೂರು ದಿನ ಐಸಿಯುನಲ್ಲಿದ್ದು ಇಲ್ಲಿ ಆಗದ ಚಿಕಿತ್ಸೆ ಬೇಕಾಗಿರೋರಿಗೆ, ಚೆನ್ನೈಗೋ ಹೈದರಾಬಾದ್‌ಗೋ ಅಂಗಾಂಗ ಕಸಿಗೆ ಹೋಗೋರಿಗೆ, ದೊಡ್ಡ ಸುಟ್ಟ ಗಾಯದವರಿಗೆ. ರೋಡಲ್ಲಿ ಹನ್ನೆರಡು ಗಂಟೆ ತಡ್ಕೊಳ್ಳದ ಜೀವಕ್ಕೆ ಅದು ನಿಜವಾಗ್ಲೂ ದೇವರ ಥರ. ಅದರಲ್ಲೂ ಹತ್ತಿಸೋ ಮುಂಚೆ ನೋಡ್ಲೇಬೇಕಾದ್ದಿದೆ. ಒಳಗಿನ ಗಾಳಿ ಒತ್ತಡ ಎಂಟು ಸಾವಿರ ಅಡಿ ಬೆಟ್ಟದ ಮೇಲಿದ್ದ ಹಾಗಿರತ್ತೆ, ದೇಹದೊಳಗೆ ಸಿಕ್ಕಿಬಿದ್ದ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗತ್ತೆ. ಆಕ್ಸಿಡೆಂಟಲ್ಲಿ ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ಗಾಳಿ ಸೇರಿರೋರಿಗೆ ಕೆಳಗೇ ಟ್ಯೂಬ್ ಹಾಕ್ದೆ ಕರ್ಕೊಂಡು ಹೋದ್ರೆ ಮೇಲೆ ಉಸಿರು ಕಟ್ಟತ್ತೆ. ಒಮ್ಮೆ ಹತ್ತಿಸೋ ಐದು ನಿಮಿಷ ಮುಂಚೆ ಎಕ್ಸ್‌ರೇಯಲ್ಲಿ ಅದು ಕಾಣ್ತು, ವಿಮಾನ ನಿಲ್ಲಿಸ್ಕೊಂಡು ಟ್ಯೂಬ್ ಹಾಕ್ಸಿದ್ವಿ, ಮನೆಯವರು ತಡ ಆಯ್ತು ಅಂತ ಕೂಗಾಡ್ತಿದ್ರು, ಅವರ ಸಂಕಟ ಅರ್ಥ ಆಗತ್ತೆ. ಆ ಹುಡುಗ ಈಗ ಬೈಕ್ ಓಡಿಸ್ತಾನೆ.

ಕೊಡಚಾದ್ರಿ
ದುಡ್ಡಿನ ಬಗ್ಗೆ ಒಂದು ಮಾತು. ಲಕ್ಷಗಟ್ಟಲೆ ಬಿಲ್ಲು ತೋಟ ಇರೋರು ಕಟ್ತಾರೆ, ಕೂಲಿಗೆ ಹೋಗೋರು ಏನು ಮಾಡ್ಬೇಕು? ಮಂಗನ ಕಾಯಿಲೆ ಬರೋದು ಕಾಡಿಗೆ ಸೊಪ್ಪು ತರೋಕೆ ಹೋಗೋರಿಗೆ. ಮಧ್ಯಪ್ರದೇಶದಲ್ಲಿ 2024ರಿಂದ ಸರ್ಕಾರದ್ದೇ ಏರ್ ಆಂಬುಲೆನ್ಸ್ ಇದೆ, ಆಯುಷ್ಮಾನ್ ಕಾರ್ಡ್ ಇದ್ರೆ ಫ್ರೀ. ಇದನ್ನ ಇಲ್ಲೂ ಕೇಳ್ಬೇಕು, ಇಲ್ಲ ಅಂದ್ರೆ ಬರೀ ದುಡ್ಡಿದ್ದೋರ ಸರ್ವಿಸ್ ಆಗತ್ತೆ.

ತುಂಗಾತೀರ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ನಿಮ್ಮ ಲೆಕ್ಕ ಓದಿ ಎರಡು ದಿನ ಸುಮ್ನೆ ಕೂತಿದ್ದೆ, ಆಮೇಲೆ ಐದೂ ಜನ ಸೇರಿದ್ವಿ. ವಿಮಾನ ಬೇಡ, ಮೊದಲು ಒಂದು ಫೋನ್ ನಂಬರು, ಯಾರನ್ನ ರೋಡಲ್ಲಿ ಕಳಿಸ್ಬೇಕು ಯಾರನ್ನ ವಿಮಾನದಲ್ಲಿ ಅಂತ ಹೇಳೋಕೆ ನಮ್ಮಿಬ್ರು ಡಾಕ್ಟ್ರು ಸರದಿ ಮೇಲೆ ಇರ್ತಾರೆ. ಇಬ್ರು ಆಪರೇಟರ್‌ಗಳ ಹತ್ರ ರೇಟ್ ಕೇಳಿದೀವಿ, ವಾಚ್ ಅವರ್ಸ್ ವಿಷಯಕ್ಕೆ ಸೋಮವಾರ ಡಿಸಿ ಆಫೀಸಿಗೆ ಅರ್ಜಿ ಕೊಡ್ತೀವಿ, ಆಯುಷ್ಮಾನ್ ವಿಷಯಾನೂ ಅದರಲ್ಲೇ ಸೇರಿಸ್ತೀವಿ.

ನಿನ್ನೆ ನಮ್ಮೂರು ಸ್ಟ್ಯಾಂಡಲ್ಲಿ ನಿಲ್ಲೋ ಆರು ಪ್ರೈವೇಟ್ ಆಂಬುಲೆನ್ಸ್ ನೋಡ್ಕೊಂಡು ಬಂದೆ. ಎರಡರಲ್ಲಿ ಸಿಲಿಂಡರ್ ಕೀ ಇರ್ಲಿಲ್ಲ. ತಂದು ಸ್ಟ್ರೆಚರ್ ಪಕ್ಕದ ಕಂಬಿಗೆ ಸರಪಳೀಲಿ ಕಟ್ಟಿಸಿದೀನಿ.

ಐಸಿಯು ಸಿಸ್ಟರ್
ಒಳ್ಳೇದಾಯ್ತು ಸರ್. ಆ ಡ್ರೈವರ್‌ಗಳಿಗೆ ಒಂದು ದಿನ ಟ್ರೈನಿಂಗ್ ಇಟ್ಕೊಳ್ಳಿ, ನಾನು ಬರ್ತೀನಿ. ಬಿ ಟೈಪ್ ಸಿಲಿಂಡರಲ್ಲಿ 1,500 ಲೀಟರ್ ಇರತ್ತೆ, ನಿಮಿಷಕ್ಕೆ ಹತ್ತು ಲೀಟರ್ ಇಟ್ರೆ ಎರಡೂವರೆ ಗಂಟೆ ಅಷ್ಟೇ, ಹೊರಡೋ ಮುಂಚೆ ಈ ಲೆಕ್ಕ ಹಾಕೋದನ್ನ ಮೊದಲು ಕಲಿಸೋಣ. ಭಾನುವಾರ ಆದ್ರೆ ನನಗೆ ರಜೆ.