ಡೀಸೆಲ್ ಟೆಕ್ನಿಷಿಯನ್ ಕೋರ್ಸ್ ಸೇರ್ಲಾ, ಗ್ಯಾರೇಜಲ್ಲೇ ಮುಂದುವರೀಲಾ?

ಪ್ರಶ್ನೆ: ಎರಡು ವರ್ಷದಿಂದ ಗ್ಯಾರೇಜಲ್ಲಿ ಹೆಲ್ಪರ್. ಆಯಿಲ್ ಬದಲಾಯಿಸೋದು, ಬ್ರೇಕ್ ಪ್ಯಾಡ್ ಹಾಕೋದು ಕಣ್ಮುಚ್ಚಿ ಮಾಡ್ತೀನಿ. ಇಂಜಿನ್ ದೋಷದ ಕೋಡ್ ತೋರಿಸೋ ಸ್ಕ್ಯಾನರ್ ಹೊರಗೆ ಬಂದ್ರೆ ಮಾತ್ರ ಮೇಸ್ತ್ರಿ ‘ನೀನು ಸ್ವಲ್ಪ ಆಚೆ ನಿಲ್ಲು’ ಅಂತಾರೆ. ಕೋರ್ಸ್ ಸೇರಿದ್ರೆ ನಿಜವಾಗ್ಲೂ ಪ್ರಯೋಜನ ಇದೆಯಾ?

ಉತ್ತರ 1: ಸೇರಿ. ನಾನೂ ನಿಮ್ಮ ಹಾಗೇ ಇದ್ದವನು. ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡೋ ಪೈಪಿನ ಒತ್ತಡ) ಕಡಿಮೆ ಅಂತ ಸ್ಕ್ಯಾನರಲ್ಲಿ ಕೋಡ್ ಬಂದ ತಕ್ಷಣ ಸೆನ್ಸರ್ ಬದಲಾಯಿಸಿದ್ದೆ. ಗಾಡಿ ಎರಡೇ ದಿನಕ್ಕೆ ವಾಪಸ್! ಕೊನೆಗೆ ನೋಡಿದ್ರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಟಾರಿನ ಹಾಗೆ ಕಪ್ಪಗಾಗಿತ್ತು. ಕೋಡ್ ಬರೀ ನೋವಿರೋ ಜಾಗ ತೋರಿಸುತ್ತೆ, ರೋಗ ನಾವೇ ಹುಡುಕ್ಬೇಕು. ಮಲ್ಟಿಮೀಟರ್ ಹಿಡಿದು ವೈರಿಂಗ್ ಡಯಾಗ್ರಾಂ ಓದೋದನ್ನ ನಾನು ಕಲಿತದ್ದು ಕ್ಲಾಸಲ್ಲೇ.

ಇನ್ನೊಂದು ಮಾತು. ಕಾಮನ್ ರೈಲ್ ಇಂಜಿನ್‌ನಲ್ಲಿ, ಅಂದ್ರೆ ಒಂದೇ ಪೈಪಿಂದ ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹೋಗೋ ಇಂಜಿನ್‌ನಲ್ಲಿ, ಡೀಸೆಲ್ ಒತ್ತಡ 2000 ಬಾರ್ ದಾಟೋದುಂಟು. ಪೈಪಲ್ಲಿ ಸೋರಿಕೆ ಇದೆಯಾ ಅಂತ ಇಂಜಿನ್ ಓಡ್ತಿರುವಾಗ ಕೈಯಿಟ್ಟು ನೋಡ್ಲೇಬೇಡಿ, ಡೀಸೆಲ್ ಸೂಜಿ ಹಾಗೆ ಚರ್ಮದೊಳಕ್ಕೆ ಹೋಗುತ್ತೆ. ಗಾಯ ಚುಕ್ಕೆಯಷ್ಟೇ ಕಾಣುತ್ತೆ, ಆದರೂ ತಕ್ಷಣ ಆಸ್ಪತ್ರೆಗೆ ಹೋಗ್ಬೇಕು. ಇದನ್ನ ಗ್ಯಾರೇಜಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಉತ್ತರ 2: ಸೇರೋ ಮುಂಚೆ ವರ್ಕ್‌ಶಾಪ್ ನೋಡ್ಕೊಂಡು ಬನ್ನಿ. ಇಂಜಿನ್ ಸ್ಟ್ಯಾಂಡ್ ಮೇಲೆ ಹೊಸ ಪೇಂಟ್ ಹೊಡೆದ ಇಂಜಿನ್ ಇದ್ರೆ ಸಾಲದು, ಅದು ಸ್ಟಾರ್ಟ್ ಆಗುತ್ತಾ ಕೇಳಿ. ಒಂದು ಇಂಜಿನ್‌ಗೆ ಎಷ್ಟು ಜನ ಅಂತಾನೂ ಕೇಳಿ. ಹದಿನೈದು ಜನ ಸುತ್ತ ನಿಂತ್ರೆ ಸ್ಪ್ಯಾನರ್ ಹಿಡಿಯೋನು ಒಬ್ಬನೇ.

ಪ್ರಶ್ನೆ ಕೇಳಿದವರು: ಗಣಿತ ಅಷ್ಟಕ್ಕಷ್ಟೇ, ನಡೆಯುತ್ತಾ?

ಉತ್ತರ 1: ಬರೋ ಲೆಕ್ಕ ಅಂದ್ರೆ ಓಮ್ಸ್ ಲಾ (ಕರೆಂಟ್ ಲೆಕ್ಕ), ಗೇರ್ ರೇಶಿಯೋ, ಟಾರ್ಕ್ (ತಿರುಗಿಸೋ ಬಲ). ಗುಣಾಕಾರ ಭಾಗಾಕಾರ ಬಂದ್ರೆ ಆಯ್ತು. ಬೋಲ್ಟ್ ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಟಾರ್ಕ್ ರೆಂಚ್ ಕೈಗೆ ಬಂದ್ಮೇಲೆ ‘ಅಂದಾಜಿಗೆ ಬಿಗಿ ಮಾಡು’ ಅನ್ನೋ ಮೇಸ್ತ್ರಿ ಮಾತು ಕೇಳಿದ್ರೇ ನಗು ಬರುತ್ತೆ.